ಹಳೇ ಅಡೆಗಲ್ಲು: ಕೊಳ್ಳುವಾಗ ನೋಡಬೇಕಾದ್ದು, ಮನೆಗೆ ತಂದ ಮೇಲೆ ಮಾಡಬಾರದ್ದು

ಕೊಡಗಿನ ಸುಂಟಿಕೊಪ್ಪದ ಕಡೆ ಒಂದು ಕಾಫಿ ತೋಟದ ಗೋಡೌನಿನಲ್ಲಿ, ಬಾಗಿಲು ಗಾಳಿಗೆ ಬಡಿದುಕೊಳ್ಳದ ಹಾಗೆ ಒಂದು ಕಬ್ಬಿಣದ ದಿಮ್ಮಿ ಒತ್ತಿ ಇಟ್ಟಿದ್ದರು. ಮೇಲೆ ಹರಿದ ಗೋಣಿ. ಗೋಣಿ ಸರಿಸಿದರೆ ಒಂದು ಕಡೆ ಕೊಂಬು, ಇನ್ನೊಂದು ಕಡೆ ಚೌಕ ತೂತು. ಕಾದ ಕಬ್ಬಿಣ ಇಟ್ಟು ಬಡಿಯುವ ಕಮ್ಮಾರರ ಅಡೆಗಲ್ಲು! ಪಕ್ಕದಲ್ಲಿ ಮಸುಕಾಗಿ ಮೂರು ಅಂಕಿ ಕಾಣುತ್ತಿತ್ತು: 1, 2, 14.

"ಇದು ಏನು ನಂಬರ್ ರೈಟ್ರೇ?" ಅಂತ ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿದೆ.

"ಯಾವುದೋ ಕಂಪನಿ ನಂಬರ್ ಇರಬೇಕು ಸಾರ್. ಗುಜರಿಯವನು ಬಂದಾಗ ಹಾಕೋಣ ಅಂತ ಇದ್ವಿ" ಅಂದರು.

ಅದು ಕಂಪನಿ ನಂಬರ್ ಅಲ್ಲ, ತೂಕ. ಇಂಗ್ಲೆಂಡಿನ ಹಳೇ ಅಡೆಗಲ್ಲುಗಳಲ್ಲಿ ತೂಕವನ್ನು ಹೀಗೆ ಮೂರು ಅಂಕಿಗಳಲ್ಲಿ ಕೊರೆಯುತ್ತಿದ್ದರು. ಮೊದಲ ಅಂಕಿ ಹಂಡ್ರೆಡ್‌ವೇಟ್, ಅಂದರೆ 112 ಪೌಂಡ್. ನಡುವಿನದು ಅದರ ಕಾಲು ಭಾಗ, 28 ಪೌಂಡ್. ಕೊನೆಯದು ಬಿಡಿ ಪೌಂಡ್. ಲೆಕ್ಕ ಹಾಕಿದರೆ 112, ಎರಡು ಸಲ 28, ಮೇಲೆ 14. ಒಟ್ಟು 182 ಪೌಂಡ್, ಸುಮಾರು 82 ಕೆ.ಜಿ. ಕಾಫಿ ಹಣ್ಣು ತೂಗುವ ತಕ್ಕಡಿ ಅಲ್ಲೇ ಇತ್ತು. ನಾಲ್ಕು ಜನ ಎತ್ತಿ ಇಟ್ಟೆವು. 82 ಕೆ.ಜಿ. ತೋರಿಸಿತು. ನೂರು ವರ್ಷಕ್ಕೂ ಹಿಂದೆ ಕೊರೆದ ಲೆಕ್ಕ ಇವತ್ತಿನ ತಕ್ಕಡಿಗೆ ಸರಿ ಹೊಂದಿದಾಗ ನನಗೆ ಮೈ ಜುಮ್ಮೆಂದಿತು.

ಈ ಲೆಕ್ಕ ಗೊತ್ತಿದ್ದರೆ ಒಂದು ಲಾಭ ಇದೆ. ನಡುವಿನ ಅಂಕಿ 3 ದಾಟುವುದಿಲ್ಲ, ಕೊನೆಯದು 27 ದಾಟುವುದಿಲ್ಲ. ಅಂಕಿಗಳು ಹಾಗಿದ್ದರೆ ನಿಮ್ಮ ಮುಂದೆ ಇರುವುದು ಬಹುಪಾಲು ಇಂಗ್ಲೆಂಡಿನ ಮಾಲು. ಅಮೆರಿಕದವರು ನೇರವಾಗಿ ಪೌಂಡ್ ಹಾಕುತ್ತಿದ್ದರು, ಸ್ವೀಡನ್ನಿನವರು ಕೆ.ಜಿ.

ಕೊಡಗಿನಲ್ಲಿ ಇಂಥವು ಸಿಗುವುದಕ್ಕೆ ಕಾರಣ ಕಾಫಿ. 1854ರಲ್ಲಿ ಮಡಿಕೇರಿ ಹತ್ತಿರ ಯುರೋಪಿಯನ್ನರ ಮೊದಲ ತೋಟ ಎದ್ದಿತು. ಆಮೇಲೆ ತೋಟದ ಮೇಲೆ ತೋಟ. ಗಾಡಿ ಚಕ್ರಕ್ಕೆ ಪಟ್ಟಿ, ಕುದುರೆಗೆ ಲಾಳ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿಗೆ ಬಿಡಿಭಾಗ, ಗುದ್ದಲಿ, ಹಾರೆ. ಇದಕ್ಕೆಲ್ಲ ತೋಟದಲ್ಲೇ ಒಂದು ಕುಲುಮೆ ಬೇಕಿತ್ತು. ಇವತ್ತಿಗೂ ನಮ್ಮ ಜಿಲ್ಲೆಗೆ ರೈಲು ಬಂದಿಲ್ಲ. ಹಾಗಾಗಿ ಈ 82 ಕೆ.ಜಿ. ಹಡಗಿನಲ್ಲಿ ಬಂದು, ಆಮೇಲೆ ಎತ್ತಿನ ಗಾಡಿಯಲ್ಲಿ ಘಾಟಿ ಹತ್ತಿರಬೇಕು.

ಅದಕ್ಕೂ ಮೊದಲು ಇಲ್ಲಿ ಕಬ್ಬಿಣದ ಕೆಲಸ ಇರಲಿಲ್ಲ ಅಂತ ಅಲ್ಲ. ಕೊಡವ ಭಾಷೆ ಆಡುವ ಸಮುದಾಯಗಳಲ್ಲಿ ಐರಿಗಳದ್ದು ಕಬ್ಬಿಣ ಮತ್ತು ಮರದ ಕೆಲಸವೇ. ಒಡಿಕತ್ತಿ, ಪೀಚೆಕತ್ತಿ, ನೇಗಿಲ ಕುಳ, ಸುಗ್ಗಿ ಹಬ್ಬ ಪುತ್ತರಿಗೆ ಕದಿರು ಕೊಯ್ಯುವ ಕುಡುಗೋಲು, ಎಲ್ಲ ಇಲ್ಲಿನ ಕುಲುಮೆಗಳಲ್ಲೇ ಹುಟ್ಟಿದವು. ನಮ್ಮ ದೇಶದ ಕಮ್ಮಾರ ನೆಲದ ಮೇಲೆ ಕೂತು ಕೆಲಸ ಮಾಡುತ್ತಾನೆ. ಅವನ ಅಡೆಗಲ್ಲು ಮೋಟು ಕಬ್ಬಿಣದ ಗಟ್ಟಿ. ಕೊಂಬು ಇಲ್ಲ, ಸೊಂಟ ಇಲ್ಲ. ನೆಲದಲ್ಲಿ ಹೂತ ಮರದ ಕೊರಡಿಗೆ ಅದನ್ನು ಬಡಿದು ಕೂರಿಸುತ್ತಾರೆ. ನೋಡೋದಕ್ಕೆ ಸುಮ್ನೆ ಒಂದು ತುಂಡು ಅನ್ನಿಸುತ್ತದೆ. ಗುಜರಿಗೆ ಮೊದಲು ಹೋಗುವುದು ಇವೇ. ದಯವಿಟ್ಟು ಇವನ್ನೂ ಕಂಡು ಹಿಡಿಯಿರಿ. ಕತ್ತಿ ಬಡಿಯುವುದಕ್ಕೆ ಕೊಂಬು ಬೇಕಾಗಿಲ್ಲ.

ಬೆಲೆ ಇರುವುದು ಮೇಲಿನ ಅರ್ಧ ಇಂಚಿಗೆ

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಂಡರೂ ಸಾಕು. ಹಳೇ ಅಡೆಗಲ್ಲಿನ ಜೀವ ಇರುವುದು ಅದರ ಮುಖದಲ್ಲಿ. ಮುಖ ಅಂದರೆ ಸುತ್ತಿಗೆ ಬೀಳುವ ಮೇಲ್ಮೈ.

19ನೇ ಶತಮಾನದಲ್ಲಿ ಒಳ್ಳೆಯ ಉಕ್ಕು ಬಹಳ ದುಬಾರಿ. ಇಡೀ ಅಡೆಗಲ್ಲನ್ನು ಉಕ್ಕಿನಲ್ಲಿ ಮಾಡಲು ಯಾರಿಗೂ ಕೈಲಾಗುತ್ತಿರಲಿಲ್ಲ. ಹಾಗಾಗಿ ಮೈಯನ್ನು ಮೆದು ಕಬ್ಬಿಣದಲ್ಲಿ ಬಡಿದು ಮಾಡುತ್ತಿದ್ದರು. ಮೇಲೆ ಸುಮಾರು ಅರ್ಧ ಇಂಚು ದಪ್ಪದ ಉಕ್ಕಿನ ಪದರ ಇಟ್ಟು, ಎರಡನ್ನೂ ಬೆಳ್ಳಗೆ ಕಾಯಿಸಿ, ಬಡಿದು ಒಂದು ಮಾಡುತ್ತಿದ್ದರು. ಕೊನೆಗೆ ಮುಖಕ್ಕೆ ರಭಸವಾಗಿ ನೀರು ಬಿಟ್ಟು ಹದ ಹಾಕುತ್ತಿದ್ದರು. ಮೈ ಮೆದು, ಮುಖ ಗಟ್ಟಿ. ಮೆದು ಮೈ ಏಟಿಗೆ ಒಡೆಯುವುದಿಲ್ಲ, ಗಟ್ಟಿ ಮುಖ ಏಟಿಗೆ ತಗ್ಗುವುದಿಲ್ಲ.

ಗಟ್ಟಿ ಮುಖ ಯಾಕೆ ಬೇಕು? ಸುತ್ತಿಗೆ ಏಟಿನ ಶಕ್ತಿ ಎಲ್ಲಾದರೂ ಹೋಗಲೇಬೇಕು. ಮುಖ ಮೆತ್ತಗಿದ್ದರೆ ಏಟಿನ ಒಂದು ಪಾಲನ್ನು ಅದೇ ನುಂಗುತ್ತದೆ. ಗಟ್ಟಿ ಇದ್ದರೆ ಆ ಶಕ್ತಿ ತಿರುಗಿ ಮೇಲೆ ಬರುತ್ತದೆ. ನಡುವೆ ಇರುವ ಕೆಂಪು ಕಬ್ಬಿಣಕ್ಕೆ ಮೇಲಿನಿಂದಲೂ ಏಟು, ಕೆಳಗಿನಿಂದಲೂ ಏಟು. ಸುತ್ತಿಗೆಯೂ ತಾನೇ ಅರ್ಧ ಮೇಲೆದ್ದು ಬರುತ್ತದೆ. ಸಂಜೆ ತನಕ ಬಡಿದರೂ ಭುಜ ಸೋಲದಿರುವುದು ಇದರಿಂದ.

ಈಗ ಕೊಳ್ಳುವ ವಿಷಯ. ಮೊದಲು ಅದು ಬೀಡು ಕಬ್ಬಿಣದ್ದೋ ಅಲ್ಲವೋ ನೋಡಿ. ಎರಕ ಹೊಯ್ದ ಬೀಡಿನಲ್ಲಿ ಅಚ್ಚಿನ ಎರಡು ಭಾಗ ಸೇರಿದ ಗೆರೆ ಮೈಯ ನಡುವೆ ಕಾಣುತ್ತದೆ. ಅಕ್ಷರಗಳಿದ್ದರೆ ಸಾಮಾನ್ಯವಾಗಿ ಉಬ್ಬಿರುತ್ತವೆ. ಬಡಿದು ಮಾಡಿದ್ದರಲ್ಲಿ ಅಕ್ಷರ ಒಳಗೆ ಕೊರೆದಿರುತ್ತದೆ. ಸೊಂಟದ ಹತ್ತಿರ, ಪಾದದ ಅಡಿಯಲ್ಲಿ ಬೆರಳು ಹೋಗುವಷ್ಟು ಚೌಕ ತೂತುಗಳಿರುತ್ತವೆ. ಕಾದ ಅಡೆಗಲ್ಲನ್ನು ಎತ್ತಿ ತಿರುಗಿಸಲು ಸರಳು ತೂರಿಸುತ್ತಿದ್ದ ತೂತು ಅವು. ಡಡ್ಲಿಯ ಪೀಟರ್ ರೈಟ್, ಶೆಫೀಲ್ಡಿನ ಮೌಸ್‌ಹೋಲ್, ಇವು ಇಂಗ್ಲೆಂಡಿನ ಹೆಸರುವಾಸಿ ಮಾಲು. ಹೆಸರು ಓದಲು ಅಕ್ಷರ ಉಜ್ಜಬೇಡಿ. ಸಂಜೆ ಹೊತ್ತು ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಿ. ನೆರಳು ಬಿದ್ದು ಅಕ್ಷರ ತಾನೇ ಎದ್ದು ಕಾಣುತ್ತದೆ.

ಆಮೇಲೆ ಗುಂಡು ಪರೀಕ್ಷೆ. ಲಾರಿ ಬೇರಿಂಗಿನ ಒಂದು ಉಕ್ಕಿನ ಗುಂಡು ಜೇಬಿನಲ್ಲಿಟ್ಟುಕೊಂಡು ಹೋಗಿ. ಒಂದು ಇಂಚಿನ ಗುಂಡಾದರೆ ಒಳ್ಳೆಯದು. ಮುಖದ ತುಕ್ಕು ಒರೆಸಿ. 25 ಸೆಂ.ಮೀ. ಮೇಲಿನಿಂದ ಗುಂಡನ್ನು ಸುಮ್ನೆ ಬಿಡಿ, ಎಸೆಯಬೇಡಿ. ಪಕ್ಕದಲ್ಲಿ ಸ್ಕೇಲ್ ಹಿಡಿದು ಎಷ್ಟು ಮೇಲೆ ಹಾರಿತು ನೋಡಿ. 20 ಸೆಂ.ಮೀ. ಹಾರಿದರೆ ಬಹಳ ಒಳ್ಳೆಯ ಮುಖ. 15ರಿಂದ 18 ಇದ್ದರೂ ಧೈರ್ಯವಾಗಿ ತಗೊಳ್ಳಿ. 10ಕ್ಕಿಂತ ಕಡಿಮೆಯಾದರೆ ಅದು ಬೀಡು, ಅಥವಾ ಬೆಂಕಿ ಅನಾಹುತದಲ್ಲಿ ಹದ ಕಳೆದುಕೊಂಡದ್ದು. ಒಂದೇ ಜಾಗದಲ್ಲಿ ನೋಡಿ ನಿಲ್ಲಿಸಬೇಡಿ. ನಡುವೆ, ತುದಿಯಲ್ಲಿ, ಅಂಚಿನ ಹತ್ತಿರ, ಐದಾರು ಕಡೆ ಬಿಡಿ. ಒಂದು ಕಡೆ ಮಾತ್ರ ಗುಂಡು ಸತ್ತ ಹಾಗೆ ಬಿದ್ದರೆ ಅಲ್ಲಿ ಉಕ್ಕಿನ ಪದರ ಮೈಯಿಂದ ಬಿಟ್ಟಿದೆ ಎಂದು ಅರ್ಥ. ಪಕ್ಕದಿಂದ ನೋಡಿದರೆ ಸಣ್ಣ ಬಿರುಕಿನ ಗೆರೆಯೂ ಕಾಣಬಹುದು. ಅಂಥದ್ದನ್ನು ಬಿಟ್ಟು ಬನ್ನಿ.

ಸಣ್ಣ ಸುತ್ತಿಗೆಯಿಂದ ತಟ್ಟಿ ದನಿಯನ್ನೂ ಕೇಳಿ. ದೇವಸ್ಥಾನದ ಗಂಟೆಯ ಹಾಗೆ ಎಳೆದು ಮೊಳಗಿದರೆ ಒಳಗೆ ಬಿರುಕಿಲ್ಲ. ಒಡಕು ಪಾತ್ರೆಯ ಹಾಗೆ ಗೊರಗೊರ ಅಂದರೆ ಅನುಮಾನ ಪಡಿ. ಆದರೆ ದನಿ ಒಂದನ್ನೇ ನಂಬಬೇಡಿ. ಅಮೆರಿಕದ ಫಿಶರ್ ಅನ್ನುವ ಅಡೆಗಲ್ಲು ಬೀಡಿನ ಮೈ, ಉಕ್ಕಿನ ಮುಖದ್ದು. ಅದು ಮೊಳಗುವುದೇ ಇಲ್ಲ, ಆದರೂ ಒಳ್ಳೆಯ ಮಾಲು. ಮಣ್ಣಿನಲ್ಲಿ ಅರ್ಧ ಹೂತ ಅಡೆಗಲ್ಲೂ ಮೊಳಗುವುದಿಲ್ಲ.

ಈ ಗುಂಡಿನ ವಿಷಯ ನನಗೆ ನಷ್ಟ ಮಾಡಿಕೊಂಡ ಮೇಲೆ ತಿಳಿಯಿತು. ಮೊದಲ ಅಡೆಗಲ್ಲನ್ನು ಹೊರ ಜಿಲ್ಲೆಯ ಒಂದು ಗುಜರಿ ಅಂಗಡಿಯಲ್ಲಿ ತೆಗೆದುಕೊಂಡೆ. ಮಿರಮಿರ ಕಪ್ಪು ಪೇಂಟ್, ನುಣುಪಾದ ಮುಖ. "ಹಳೇ ಇಂಗ್ಲೆಂಡ್ ಮಾಲು" ಅಂದರು. ಮನೆಗೆ ತಂದು ಹದಿನೈದು ದಿನ ಬಡಿದ ಮೇಲೆ ಮುಖದಲ್ಲಿ ಗುಳಿ ಬೀಳಲು ಶುರುವಾಯಿತು. ಪೇಂಟ್ ಕೆರೆದರೆ ಸೊಂಟದಲ್ಲಿ ಅಚ್ಚಿನ ಗೆರೆ. ಪೂರ್ತಿ ಬೀಡು! ಆ ದುಡ್ಡು ಹೋಯಿತು. ಅವತ್ತಿನಿಂದ ಹೊಸ ಪೇಂಟ್ ಹೊಡೆದ ಹಳೇ ಅಡೆಗಲ್ಲನ್ನು ಕಂಡರೆ ಮೊದಲು ಒಂದು ಮೂಲೆ ಕೆರೆದು ನೋಡುತ್ತೇನೆ. ಕೆರೆಯಲು ಬಿಡದವರ ಹತ್ತಿರ ಕೊಳ್ಳುವುದಿಲ್ಲ.

ಅಂಚು ಸ್ವಲ್ಪ ಚಕ್ಕೆ ಎದ್ದಿದ್ದರೆ ಚಿಂತೆ ಬೇಡ. ನಡುವೆ ಸ್ವಲ್ಪ ತಗ್ಗಿದ್ದರೂ ಚಿಂತೆ ಬೇಡ. ಕೈಯಗಲದಷ್ಟು ಒಳ್ಳೆಯ ಅಂಚು, ಅಂಗೈಯಷ್ಟು ಸಮ ಜಾಗ ಇದ್ದರೆ ಕೆಲಸ ನಡೆಯುತ್ತದೆ. ಬೆಲೆಯ ಮಾತಿಗೆ ಮೊದಲು ಗುಜರಿ ಕಬ್ಬಿಣದ ಆವತ್ತಿನ ಕೆ.ಜಿ. ದರ ತಿಳಿದುಕೊಳ್ಳಿ. ಮಾರುವವರ ಮನಸ್ಸಿನಲ್ಲಿ ಇರುವುದು ಆ ದರ. ಅದಕ್ಕಿಂತ ಜಾಸ್ತಿ ಕೊಡಲು ನೀವು ತಯಾರಿರಬೇಕು, ಯಾಕೆಂದರೆ ಅದರ ಯೋಗ್ಯತೆ ಅದಕ್ಕಿಂತ ಜಾಸ್ತಿ. ಗೋಡೌನಿನ ಮೂಲೆಯಲ್ಲಿದ್ದದ್ದು ಏನು ಅಂತ ಮಾರುವವರಿಗೂ ಹೇಳಿ. ನಾನು ಆ ರೈಟರಿಗೆ, ತೋಟದ ಯಜಮಾನರಿಗೆ ಮೂರು ಅಂಕಿಯ ಲೆಕ್ಕವನ್ನು ಕೂತು ವಿವರಿಸಿದೆ. ಬೆಲೆ ಸ್ವಲ್ಪ ಏರಿತು. ಆದರೆ ಅದೇ ಗೋಡೌನಿನ ಅಟ್ಟದಿಂದ ಆರು ಇಕ್ಕಳ, ಎರಡು ಸಮ್ಮಟಿಗೆ ತಾವಾಗಿಯೇ ಕೆಳಗೆ ತಂದು ಕೊಟ್ಟರು.

ಅಡೆಗಲ್ಲು ಸಿಗದಿದ್ದರೆ ರೈಲು ಕಂಬಿಯ ತುಂಡು ಸಾಕಲ್ವಾ ಅಂತ ಕೇಳುತ್ತಾರೆ. ಸಾಕು. ಕಂಬಿಯನ್ನು ಮಲಗಿಸದೆ ನಿಲ್ಲಿಸಿ, ತುದಿಯ ಮೇಲೆ ಬಡಿಯಿರಿ. ಆಗ ಏಟಿನ ಕೆಳಗೆ ಪೂರ್ತಿ ತೂಕ ಇರುತ್ತದೆ, ತೆಳು ಕುತ್ತಿಗೆ ಅಲುಗಾಡುವುದಿಲ್ಲ. ಆದರೆ ಬಿಲ್ ಇಲ್ಲದ ಕಂಬಿ ಮುಟ್ಟಬೇಡಿ. ರೈಲ್ವೆ ಆಸ್ತಿಯನ್ನು ದಾಖಲೆ ಇಲ್ಲದೆ ಇಟ್ಟುಕೊಳ್ಳುವುದು 1966ರ ಕಾಯ್ದೆಯ ಪ್ರಕಾರ ಅಪರಾಧ.

ಜೊತೆಗೆ ಸಿಗುವ ಸಾಮಾನು

ಅಡೆಗಲ್ಲು ಹುಡುಕಿ ಹೋದವರಿಗೆ, ಕಬ್ಬಿಣವನ್ನು ಕಚ್ಚಿ ಹಿಡಿಯುವ ಕಾಲುಳ್ಳ ವೈಸ್ ಸಿಗುವುದೇ ಜಾಸ್ತಿ. ನೆಲದವರೆಗೆ ಇಳಿದ ಒಂದು ಕಾಲು, ಮುಂದೆ ಅಲುಗುವ ದವಡೆ, ನಡುವೆ ದಪ್ಪ ತಿರುಪು. ಮೇಲೆ ಬಡಿದ ಏಟು ಆ ಕಾಲಿನಿಂದ ನೆಲಕ್ಕೆ ಇಳಿಯುತ್ತದೆ. ಮೇಜಿನ ವೈಸಿನ ಮೇಲೆ ಹಾಗೆ ಬಡಿದರೆ ಅದು ಒಡೆದು ಹೋಗುತ್ತದೆ. ಕೊಳ್ಳುವಾಗ ತಿರುಪನ್ನು ಪೂರ್ತಿ ಬಿಚ್ಚಿ ಎಳೆಗಳನ್ನು ನೋಡಿ. ಎಳೆಯ ತಲೆ ಅಗಲವಾಗಿ, ಚಪ್ಪಟೆಯಾಗಿ ಇರಬೇಕು. ಸವೆದು ಚಾಕುವಿನ ಅಂಚಿನ ಹಾಗೆ ಚೂಪಾಗಿದ್ದರೆ ಅದರ ಆಯಸ್ಸು ಮುಗಿಯಿತು. ಒಳಗಿನ ಸ್ಪ್ರಿಂಗ್ ಪಟ್ಟಿ ಇಲ್ಲದಿದ್ದರೆ ಬೇಜಾರಿಲ್ಲ, ಅದನ್ನು ನೀವೇ ಬಡಿದು ಮಾಡಬಹುದು.

ಸುತ್ತಿಗೆಯಲ್ಲಿ ತಲೆ ಮುಖ್ಯ, ಕಾವು ಬದಲಾಯಿಸಬಹುದು. ಅಂಚು ಅಣಬೆಯ ಹಾಗೆ ಹರಡಿದ್ದರೆ ಮೊದಲು ಅದನ್ನು ಉಜ್ಜಿ ತೆಗೆಯಿರಿ. ಉಳಿಯ ತಲೆಗೂ ಇದೇ ಮಾತು. ಆ ಹರಡಿದ ಅಂಚಿನ ಚೂರು ಸಿಡಿದರೆ ಗುಂಡಿನ ಹಾಗೆ ಹೋಗುತ್ತದೆ, ಕಣ್ಣೇ ಹೋದೀತು. ಕಾವು ಸಡಿಲವಾದರೆ ನೀರಿನಲ್ಲಿ ನೆನೆಸುವುದು ನಮ್ಮ ಕಡೆ ರೂಢಿ. ಮರ ಉಬ್ಬುತ್ತದೆ, ಬಿಗಿಯಾಗುತ್ತದೆ, ಸರಿ. ಮಾರ್ಚ್ ಬಿಸಿಲಿಗೆ ಮತ್ತೆ ಕುಗ್ಗಿ ಮೊದಲಿಗಿಂತ ಸಡಿಲ. ಕೊಡಗಿನ ಹವೆಯಲ್ಲಿ ಇದು ಇನ್ನೂ ಜಾಸ್ತಿ: ಜುಲೈನಲ್ಲಿ ಎಲ್ಲ ಉಬ್ಬಿರುತ್ತದೆ, ಬೇಸಿಗೆಯಲ್ಲಿ ಎಲ್ಲ ಒಣಗಿರುತ್ತದೆ. ನೇರ ಎಳೆಯ ಗಟ್ಟಿ ಮರವನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಂದು ವರ್ಷ ಒಣಗಿಸಿ. ಆಮೇಲೆ ಕೆತ್ತಿ, ಬೆಣೆ ಹೊಡೆದು, ತಲೆಯ ಕಡೆಯನ್ನು ಅಗಸೆ ಎಣ್ಣೆಯಲ್ಲಿ ಒಂದು ರಾತ್ರಿ ಅದ್ದಿಡಿ. ಶುರು ಮಾಡುವವರಿಗೆ ಒಂದು ಕೆ.ಜಿ. ಸುತ್ತಿಗೆ ಸಾಕು.

ಇಕ್ಕಳ ಎಷ್ಟು ಸಿಕ್ಕರೂ ತಗೊಳ್ಳಿ. ಬಾಯಿ ಸರಿ ಇಲ್ಲದಿದ್ದರೆ ಕಾಯಿಸಿ ತಿದ್ದಿಕೊಳ್ಳಬಹುದು. ಕುಲುಮೆಗೆ ಗಾಳಿ ಊದುವ ಚರ್ಮದ ತಿದಿ ಸಿಕ್ಕರೆ ಅದು ಅದೃಷ್ಟ. ಆದರೆ ಒಣಗಿ ಬಿರುಕು ಬಿಟ್ಟ ಚರ್ಮಕ್ಕೆ ಮತ್ತೆ ಜೀವ ಬರುವುದು ಕಷ್ಟ. ಅಳತೆ ತೆಗೆದುಕೊಂಡು ಹೊಸ ಚರ್ಮ ಹಾಕಿಸುವುದೇ ವಾಸಿ. ಕೈಯಲ್ಲಿ ತಿರುಗಿಸುವ ಬ್ಲೋವರ್ ಆದರೆ ಗೇರ್ ಪೆಟ್ಟಿಗೆ ತೆರೆದು ಹಳೇ ಗ್ರೀಸ್ ತೆಗೆದು ಎಣ್ಣೆ ಹಾಕಿ. ಮುಕ್ಕಾಲು ಪಾಲು ಅಷ್ಟರಲ್ಲೇ ತಿರುಗುತ್ತವೆ.

ತುಕ್ಕು ಬಿಡಿಸುವುದು

ಮಡಿಕೇರಿಯ ಮಳೆ ಗೊತ್ತಿದ್ದವರಿಗೆ ತುಕ್ಕಿನ ಬಗ್ಗೆ ಹೇಳುವುದೇ ಬೇಡ. ರಾತ್ರಿ ಹೊರಗಿಟ್ಟ ಕತ್ತಿ ಬೆಳಿಗ್ಗೆ ಕೆಂಪು. ಆದರೂ ತುಕ್ಕಿಗೆ ಹೆದರಿ ಅಡೆಗಲ್ಲನ್ನು ಹಾಳು ಮಾಡಿದವರೇ ಜಾಸ್ತಿ.

ಅಡೆಗಲ್ಲಿಗೆ ತಂತಿ ಬ್ರಷ್ ಸಾಕು. ಗ್ರೈಂಡರಿಗೆ ಕಪ್ ಬ್ರಷ್ ಹಾಕಿ ಉಜ್ಜಿ. ಸಡಿಲ ತುಕ್ಕು ಹೋಗಲಿ, ಕೆಳಗಿನ ಕಂದು ಬಣ್ಣ ಇರಲಿ. ಕೆಲಸ ಶುರುವಾದ ಮೇಲೆ ಬಿಸಿ ಕಬ್ಬಿಣವೇ ಮುಖವನ್ನು ಕನ್ನಡಿ ಮಾಡುತ್ತದೆ. ಹಳೇ ಪೇಂಟ್ ಇದ್ದರೆ ಒಣಗಿದ್ದಾಗ ಉಜ್ಜಬೇಡಿ. ಅದರಲ್ಲಿ ಸೀಸ ಇರಬಹುದು. ಪೇಂಟ್ ತೆಗೆಯುವ ದ್ರಾವಣ ಹಚ್ಚಿ ಒದ್ದೆಯಲ್ಲೇ ಕೆರೆಯಿರಿ.

ಇಕ್ಕಳ, ಉಳಿಯಂಥ ಸಣ್ಣ ಸಾಮಾನಿಗೆ ಹುಳಿ ಒಳ್ಳೆಯದು. ಹುಣಸೆಹಣ್ಣಿನಲ್ಲಿ ಹಿತ್ತಾಳೆ ಉಜ್ಜುತ್ತೇವಲ್ಲ, ಅದೇ ಕೆಲಸ. ತುಕ್ಕು ಹುಳಿಯಲ್ಲಿ ಕರಗುತ್ತದೆ. ಅಡುಗೆಗೆ ಹಾಕುವ ನಮ್ಮ ಕಪ್ಪು ಹುಳಿ ಕಾಚಂಪುಳಿಗೂ ಆ ಶಕ್ತಿ ಇದೆ, ಆದರೆ ಅಷ್ಟು ಬೆಲೆಬಾಳುವುದನ್ನು ತುಕ್ಕಿಗೆ ಸುರಿಯಬೇಡಿ. ಅಂಗಡಿಯ ಬಿಳಿ ವಿನಿಗರ್ ಸಾಕು. ಒಂದು ರಾತ್ರಿ ಮುಳುಗಿಸಿ, ಬೆಳಿಗ್ಗೆ ಉಜ್ಜಿ, ಸೋಡಾ ನೀರಿನಲ್ಲಿ ತೊಳೆದು, ಒಲೆಯ ಹತ್ತಿರ ಕೂಡಲೇ ಒಣಗಿಸಿ. ತಡ ಮಾಡಿದರೆ ಅರ್ಧ ಗಂಟೆಯಲ್ಲಿ ಹೊಸ ತುಕ್ಕು. ಹದ ಹಾಕಿದ ಉಕ್ಕನ್ನು ದಿನಗಟ್ಟಲೆ ಹುಳಿಯಲ್ಲಿ ಬಿಟ್ಟರೆ ಪೆಡಸಾಗಿ ಮುರಿಯಬಹುದು. ಅದಕ್ಕೇ ಒಂದು ರಾತ್ರಿ ಅಂದೆ.

ವೈಸಿನ ತಿರುಪಿನಂಥ ಸಂದುಗೊಂದು ಇರುವ ಸಾಮಾನಿಗೆ ಕರೆಂಟ್ ವಿಧಾನ ಚೆನ್ನಾಗಿ ಒಗ್ಗುತ್ತದೆ. ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ. 12 ವೋಲ್ಟಿನ ಬ್ಯಾಟರಿ ಚಾರ್ಜರ್. ಕಪ್ಪು ತಂತಿ, ಅಂದರೆ ಮೈನಸ್, ನಿಮ್ಮ ಸಾಮಾನಿಗೆ. ಕೆಂಪು ತಂತಿ, ಪ್ಲಸ್, ಬೇಡವಾದ ಒಂದು ಕಬ್ಬಿಣದ ತಗಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಕರೆಂಟ್ ಹರಿದಾಗ ಸಾಮಾನಿನ ಮೈಯಿಂದ ಸಣ್ಣ ಗುಳ್ಳೆ ಏಳುತ್ತವೆ, ತುಕ್ಕು ಸಡಿಲವಾಗಿ ಕಪ್ಪು ಕೆಸರಿನ ಹಾಗೆ ಬಿಡುತ್ತದೆ. ತಂತಿ ಅದಲುಬದಲಾದರೆ ತುಕ್ಕಿನ ಬದಲು ನಿಮ್ಮ ಸಾಮಾನೇ ಕರಗುತ್ತದೆ. ಆ ಗುಳ್ಳೆಗಳಲ್ಲಿ ಹೈಡ್ರೋಜನ್ ಇದೆ, ಕಿಡಿ ತಾಗಿದರೆ ಸ್ಫೋಟ. ಬಯಲಲ್ಲೇ ಮಾಡಿ, ಹತ್ತಿರ ಬೀಡಿ ಸಿಗರೇಟು ಬೇಡ. ಟಬ್ಬಿಗೆ ಕೈ ಹಾಕುವ ಮೊದಲು ಸ್ವಿಚ್ ಆರಿಸಿ. ತಗಡಿನ ಜಾಗದಲ್ಲಿ ಸ್ಟೀಲ್ ಲೋಟ, ಚಮಚ ಹಾಕಲೇಬೇಡಿ. ಅದರ ಕ್ರೋಮಿಯಂ ಕರಗಿ ನೀರು ವಿಷವಾಗುತ್ತದೆ.

ಕೊನೆಗೆ ಲೇಪ. ನಮ್ಮಲ್ಲಿ ಜೇನುಮೇಣಕ್ಕೆ ಬರ ಇಲ್ಲ. ಅಗಸೆ ಎಣ್ಣೆಯಲ್ಲಿ ಜೇನುಮೇಣ ಕರಗಿಸಿ, ಸಾಮಾನನ್ನು ಕೈ ತಾಳುವಷ್ಟು ಬೆಚ್ಚಗೆ ಮಾಡಿ ತಿಕ್ಕಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ಬೆಂಕಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ ಒಣಗಿಸಿ.

ಮುಖ ಮುಟ್ಟಬೇಡಿ

ಹಳೇ ಅಡೆಗಲ್ಲು ತಂದವರಿಗೆ ಮೊದಲು ಬರುವ ಆಸೆ ಅದನ್ನು ಮಷಿನ್‌ಶಾಪಿಗೆ ಒಯ್ದು ಮುಖ ಸಮ ಮಾಡಿಸುವುದು. ಮಾಡಬೇಡಿ. ಉಕ್ಕಿನ ಪದರ ಇರುವುದೇ ಅರ್ಧ ಇಂಚು. ನೂರು ವರ್ಷದಲ್ಲಿ ಅದರಲ್ಲೂ ಸವೆದಿದೆ. ನಡುವಿನ ತಗ್ಗು ಹೋಗಬೇಕಾದರೆ ಎರಡೂ ತುದಿಯಿಂದ ಉಕ್ಕು ತೆಗೆಯಬೇಕು. ಎಲ್ಲೋ ಒಂದು ಕಡೆ ಪದರ ತೆಳುವಾಗಿ ಕೆಳಗಿನ ಮೆದು ಕಬ್ಬಿಣ ಇಣುಕುತ್ತದೆ. ನೋಡಲು ಫಳಫಳ, ಬಡಿದರೆ ಗುಳಿ. ಹಾಗೆ ಹಾಳಾದ ಎರಡು ಒಳ್ಳೆಯ ಅಡೆಗಲ್ಲುಗಳನ್ನು ನಾನು ಕಣ್ಣಾರೆ ನೋಡಿದ್ದೇನೆ, ಇವತ್ತಿಗೂ ಹೊಟ್ಟೆ ಉರಿಯುತ್ತದೆ. ತಗ್ಗಿನ ಉಪಯೋಗವನ್ನು ಹಳಬರನ್ನು ಕೇಳಿ. ಸೊಟ್ಟ ಸರಳನ್ನು ನೇರ ಮಾಡಲು ಸಮ ಮುಖಕ್ಕಿಂತ ತಗ್ಗು ಮುಖವೇ ಅನುಕೂಲ.

ವೆಲ್ಡಿಂಗ್ ಇನ್ನೊಂದು ಆಸೆ. ಚಕ್ಕೆ ಎದ್ದ ಅಂಚಿಗೆ ರಾಡ್ ತುಂಬಿಸುವುದು. ತಣ್ಣಗಿರುವ 80 ಕೆ.ಜಿ. ಕಬ್ಬಿಣ ವೆಲ್ಡಿಂಗಿನ ಬಿಸಿಯನ್ನು ಕ್ಷಣದಲ್ಲಿ ಎಳೆದುಕೊಳ್ಳುತ್ತದೆ. ಆ ಜಾಗ ಗಾಜಿನ ಹಾಗೆ ಪೆಡಸಾಗಿ, ಪಕ್ಕದಲ್ಲಿ ಕಾಣದ ಬಿರುಕು ಹುಟ್ಟುತ್ತದೆ. ಮಾಡಲೇಬೇಕಾದರೆ ಮೊದಲು ಇಡೀ ಅಡೆಗಲ್ಲನ್ನು ಸುಮಾರು 200 ಡಿಗ್ರಿಗೆ ಕಾಯಿಸಿ, ಸರಿಯಾದ ರಾಡ್ ಬಳಸಿ, ಒಂದು ದಿನ ನಿಧಾನವಾಗಿ ಆರಲು ಬಿಡಬೇಕು. ಅನುಭವಸ್ಥರ ಕೆಲಸ ಅದು. ನನ್ನ ಮಾತು ಕೇಳುವುದಾದರೆ ಚಕ್ಕೆ ಎದ್ದ ಅಂಚನ್ನು ಸ್ವಲ್ಪ ದುಂಡಗೆ ಉಜ್ಜಿ ಬಿಟ್ಟುಬಿಡಿ. ಚೂಪು ಅಂಚು ಹೇಗೂ ಬೇಡ. ಅದರ ಮೇಲೆ ಮಡಿಸಿದ ಕಬ್ಬಿಣದ ಒಳಮೂಲೆಯಲ್ಲಿ ಬಿರುಕು ಏಳುತ್ತದೆ.

ಬೆಂಕಿಗಂತೂ ಹಾಕಲೇಬೇಡಿ. ತುಕ್ಕು ಸುಡೋಣ ಅಂತ ಒಬ್ಬರು ಸೌದೆ ರಾಶಿಯಲ್ಲಿ ಇಟ್ಟು ಸುಟ್ಟಿದ್ದರು. ತುಕ್ಕಿನ ಜೊತೆ ಹದವೂ ಹೋಯಿತು.

ಕೂರಿಸುವುದು, ಬಡಿಯುವುದು

ನಿಂತು ಕೆಲಸ ಮಾಡುವವರಾದರೆ ಕೈ ಇಳಿಬಿಟ್ಟು ಮುಷ್ಟಿ ಹಿಡಿಯಿರಿ. ಬೆರಳಿನ ಗೆಣ್ಣು ಎಲ್ಲಿದೆಯೋ ಅಲ್ಲಿ ಮುಖ ಇರಬೇಕು. ಜಾಸ್ತಿ ಎತ್ತರವಾದರೆ ಭುಜ ನೋಯುತ್ತದೆ, ತಗ್ಗಾದರೆ ಸೊಂಟ. ಗಾಳಿಗೆ ಬಿದ್ದ ಹಲಸಿನ ಮರದ ಬೊಡ್ಡೆ ಒಳ್ಳೆಯ ಪೀಠ. ಎಳೆ ನೆಟ್ಟಗೆ ಮೇಲ್ಮುಖವಾಗಿರಲಿ. ಸಿಲ್ವರ್ ಓಕ್ ಸುಲಭವಾಗಿ ಸಿಗುತ್ತದೆ ಅಂತ ನಾನು ಮೊದಲು ಅದನ್ನೇ ಇಟ್ಟೆ. ಎರಡು ಮಳೆಗಾಲಕ್ಕೆ ಮೆತ್ತಗಾಯಿತು. ಅಡೆಗಲ್ಲಿನ ಸೊಂಟಕ್ಕೆ ದಪ್ಪ ಸರಪಳಿ ಬಿಗಿಯಾಗಿ ಸುತ್ತಿದರೆ ಮೊಳಗು ಅರ್ಧ ಇಳಿಯುತ್ತದೆ. ಪಕ್ಕದ ಕಾರ್ಮಿಕರ ಲೈನ್ ಮನೆಗಳಲ್ಲಿ ಮಕ್ಕಳಿದ್ದರೆ ಇದನ್ನು ಮರೆಯಬೇಡಿ. ನಿಮ್ಮ ಕಿವಿಗೂ ಪ್ಲಗ್ ಇರಲಿ.

ತಣ್ಣಗಿನ ಮುಖದ ಮೇಲೆ ಬರೀ ಸುತ್ತಿಗೆ ಬಡಿಯಬೇಡಿ. ಗಟ್ಟಿಗೆ ಗಟ್ಟಿ ತಾಗಿದರೆ ಚಕ್ಕೆ ಸಿಡಿಯುತ್ತದೆ. ಉಳಿಯಿಂದ ಕತ್ತರಿಸುವ ಕೆಲಸ ಮುಖದ ಮೇಲೆ ಬೇಡ. ಕೊಂಬು ಮತ್ತು ಮುಖದ ನಡುವೆ ಒಂದು ಸಣ್ಣ ಮೆಟ್ಟಿಲು ಇದೆಯಲ್ಲ, ಅದು ಮೆದು, ಅದಕ್ಕೇ ಇರುವುದು. ಚೌಕ ತೂತಿನಲ್ಲಿ ಉಳಿ, ಅಚ್ಚು ಸಿಕ್ಕಿಸಬಹುದು. ದುಂಡು ತೂತಿನ ಮೇಲೆ ಇಟ್ಟು ಪಟ್ಟಿಗೆ ತೂತು ಹೊಡೆಯಬಹುದು.

ಮೊದಲ ಕೆಲಸ ಯಾವುದು ಅಂತ ಕೇಳಿದರೆ ನಾನು ಮರಗಸಿ ಮಾಡುವ, ಅಂದರೆ ನೆರಳು ಮರದ ಕೊಂಬೆ ಸವರುವ ಕತ್ತಿ ಅನ್ನುತ್ತೇನೆ. ತೋಟದವರಿಗೆಲ್ಲ ಬೇಕಾದ್ದು ಅದು. ಹಳೇ ಲಾರಿಯ ಕಮಾನು ಪಟ್ಟಿ ಒಳ್ಳೆಯ ಉಕ್ಕು, ಗುಜರಿಯಲ್ಲೇ ಸಿಗುತ್ತದೆ. ವರ್ಷಗಟ್ಟಲೆ ಬಾಗಿ ಬಾಗಿ ಅದರಲ್ಲಿ ಕಾಣದ ಬಿರುಕು ಇರಬಹುದು. ಕಂಡು ಹಿಡಿಯುವ ಉಪಾಯವನ್ನು ನನಗೆ ಹೇಳಿಕೊಟ್ಟವರು ಒಬ್ಬ ಹಿರಿಯ ಆಚಾರಿ. "ಪಟ್ಟಿ ಹೇಗಿದೆ ಆಚಾರ್ರೇ?" ಅಂತ ಕೇಳಿದಾಗ ಅವರು ಮಾತಾಡಲಿಲ್ಲ. ಪಟ್ಟಿಗೆ ಸೀಮೆಎಣ್ಣೆ ಹಚ್ಚಿದರು. ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಲ್ಲಿ ಒರೆಸಿದರು. ಮೇಲೆ ಸೀಮೆಸುಣ್ಣ ಉಜ್ಜಿ ಕಾದರು. ಬಿಳಿಯ ಮೇಲೆ ಕೂದಲಿನಂಥ ಒದ್ದೆ ಗೆರೆ ಮೂಡಿತು. "ಇಲ್ಲಿಂದ ಆಚೆ ಬೇಡ" ಅಂದು ಅಲ್ಲಿಗೆ ಕತ್ತರಿಸಿದರು. ಬಿರುಕಿನಲ್ಲಿ ಇಳಿದ ಸೀಮೆಎಣ್ಣೆ ಸುಣ್ಣಕ್ಕೆ ಮತ್ತೆ ಏರಿ ಬರುತ್ತದೆ, ಅಷ್ಟೇ.

ಬೆಂಕಿಗೆ ಇದ್ದಿಲು. ತೆಂಗಿನ ಚಿಪ್ಪಿನದು ಒಳ್ಳೆಯ ಕಾವು ಕೊಡುತ್ತದೆ, ಕಿತ್ತು ಹಾಕಿದ ಹಳೇ ಕಾಫಿ ಬೊಡ್ಡೆಯದೂ ನಡೆಯುತ್ತದೆ. ಮಳೆ ಅಂತ ಶೆಡ್ಡಿನ ಬಾಗಿಲು ಮುಚ್ಚಿಕೊಂಡು ಕುಲುಮೆ ಹಚ್ಚಬೇಡಿ. ಇದ್ದಿಲಿನ ಗಾಳಿಗೆ ವಾಸನೆ ಇಲ್ಲ, ಆದರೆ ಜೀವ ತೆಗೆಯುತ್ತದೆ. ಸತು ಲೇಪಿಸಿದ ಜಿಐ ಪೈಪು, ಜಿಐ ತಗಡು ಬೆಂಕಿಗೆ ಬೇಡವೇ ಬೇಡ. ಸತುವಿನ ಹೊಗೆ ಕುಡಿದರೆ ಚಳಿಜ್ವರ ಬಂದು ಮಲಗುತ್ತೀರಿ. ಕಣ್ಣಿಗೆ ಕನ್ನಡಕ, ಮೈಗೆ ಹತ್ತಿ ಬಟ್ಟೆ. ನೈಲಾನ್ ಕಿಡಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಪಟ್ಟಿಯನ್ನು ಕಿತ್ತಳೆ ಬಣ್ಣಕ್ಕೆ ಕಾಯಿಸಿ ಬಡಿಯಿರಿ. ಬಣ್ಣ ಮಂಕು ಕೆಂಪಿಗೆ ಇಳಿದ ಕೂಡಲೇ ನಿಲ್ಲಿಸಿ, ಮತ್ತೆ ಕಾಯಿಸಿ. ತಣ್ಣಗಾದ ಉಕ್ಕನ್ನು ಬಡಿದರೆ ಬಿರುಕು. ಬಿಳಿಗೆ ಏರಿ ಕಿಡಿ ಹಾರಲು ಶುರುವಾದರೆ ಉಕ್ಕು ಸುಟ್ಟುಹೋಗಿದೆ, ಆ ತುಂಡು ಬಿಡಿ. ಆಕಾರ ಬಂದ ಮೇಲೆ ಮೂರು ಸಲ ಕೆಂಪಗೆ ಕಾಯಿಸಿ, ಮೂರು ಸಲವೂ ಗಾಳಿಯಲ್ಲಿ ಆರಲು ಬಿಡಿ. ಬಡಿತದಿಂದ ಒಳಗೆ ಸೇರಿದ ಬಿಗಿ ಇದರಿಂದ ಸಡಿಲವಾಗುತ್ತದೆ.

ಹದ ಹಾಕುವುದೇ ಮುಖ್ಯ ಘಟ್ಟ. ಪಕ್ಕದಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಸುಮಾರು 770 ಡಿಗ್ರಿಯಲ್ಲಿ ಕಬ್ಬಿಣಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ. ಅದು ಬಿಟ್ಟ ಮೇಲೆ ಇನ್ನೊಂದು ಛಾಯೆ ಮೇಲೆ ಹೋಗಿ, ಅಲಗಿನ ಉದ್ದಕ್ಕೂ ಬಣ್ಣ ಒಂದೇ ಸಮ ಇದೆಯಾ ನೋಡಿ, ಬೆಚ್ಚಗಿನ ಎಣ್ಣೆಯಲ್ಲಿ ಅದ್ದಿ. ಕಮಾನು ಪಟ್ಟಿಗೆ ನೀರು ಬೇಡ, ಸೀಳುತ್ತದೆ. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಲು ಕಬ್ಬಿಣದ ಮುಚ್ಚಳ ಕೈಗೆ ಸಿಗುವ ಹಾಗಿರಲಿ. ಹೊರಗೆ ತೆಗೆದಾಗ ಅಲಗಿನ ಮೇಲೆ ಅರ ಜಾರಬೇಕು. ಜಾರಿದರೆ ಹದ ಕೂತಿದೆ.

ಈಗ ಅದು ಗಟ್ಟಿ, ಆದರೆ ಪೆಡಸು. ಹೀಗೇ ಬಿಟ್ಟರೆ ಮೊದಲ ಗಂಟಿಗೇ ಚಕ್ಕೆ ಹಾರುತ್ತದೆ. ಅಲಗನ್ನು ಉಜ್ಜಿ ಬೆಳ್ಳಗೆ ಮಾಡಿ. ಬೆನ್ನಿನ ಕಡೆಯಿಂದ ಮೆಲ್ಲಗೆ ಕಾಯಿಸಿ. ಬಣ್ಣ ಹರಿದು ಬರುವುದು ಕಾಣುತ್ತದೆ: ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಮರ ಕಡಿಯುವ ಕತ್ತಿಗೆ ಬಾಯಿಯಲ್ಲಿ ಕಂದು ನೇರಳೆಗೆ ತಿರುಗುವಾಗ, ಬೆನ್ನಿನಲ್ಲಿ ನೀಲಿ ಇರುವಾಗ ನಿಲ್ಲಿಸಬೇಕು. ಸುಮಾರು 270 ಡಿಗ್ರಿ. ಬಾಯಿ ಹರಿತ ಹಿಡಿಯುತ್ತದೆ, ಬೆನ್ನು ಏಟು ತಾಳುತ್ತದೆ. ಅಡೆಗಲ್ಲಿನ ಮುಖ, ಮೈ ಹೇಗಿದೆಯೋ ಕತ್ತಿಯ ಬಾಯಿ, ಬೆನ್ನೂ ಹಾಗೆಯೇ.

ಕೈಲ್ ಪೊಳ್ದ್ ಬರುವುದು ಸೆಪ್ಟೆಂಬರ್ ಮೊದಲ ವಾರ, ನಾಟಿ ಮುಗಿದ ಮೇಲೆ. ಆಯುಧ ತೊಳೆದು, ತೋಕ್ ಪೂ ಅನ್ನುವ ಹೂ ಇಟ್ಟು ಪೂಜೆ ಮಾಡುವ ಹಬ್ಬ. ಅಲ್ಲಿಯವರೆಗೆ ಕಾಯದೆ ಜೂನ್‌ಗೆ ಮೊದಲೇ ಅಡೆಗಲ್ಲಿಗೆ ಮೇಣದ ಎಣ್ಣೆ ಹಚ್ಚಿಬಿಡಿ. ಬೊಡ್ಡೆ ಮತ್ತು ಪಾದದ ನಡುವೆ ನೀರು ನಿಲ್ಲದ ಹಾಗೆ ನೋಡಿ, ತುಕ್ಕು ಮೊದಲು ಕೂರುವುದು ಅಲ್ಲಿ. ಗೋಣಿ ಹೊದಿಸಬೇಡಿ. ಗೋಣಿ ನೀರು ಹಿಡಿದುಕೊಳ್ಳುತ್ತದೆ. ಒಂದು ಹಲಗೆ ಮುಚ್ಚಿದರೆ ಸಾಕು. ಜುಲೈ-ಆಗಸ್ಟಿನ ಆಟಿಯ ಮಳೆಯಲ್ಲೂ ವಾರಕ್ಕೊಮ್ಮೆ ಹಲಗೆ ಸರಿಸಿ, ಒಣ ಬಟ್ಟೆಯಲ್ಲಿ ಒರೆಸಿ, ಮತ್ತೆ ಎಣ್ಣೆ ಕೈ ಆಡಿಸಿ.